ಹೊಸ ಗಾಲಿಗೆ ಹಳೆಯ ಬೋಲ್ಟು: ಅಜ್ಜಿಯ ಮನೆ ಗುಂಪಿನಲ್ಲಿ ನಡೆದ ವಾದ

ಸಿಂಧನೂರು ಮಾವ: ಪೋಲೊ ಕಾರಿಗೆ ಅಲಾಯ್ ಗಾಲಿ ಹಾಕಿಸಿದೆ, ಫೋಟೊ ನೋಡಿ. ಬೋಲ್ಟುಗಳು ಹಳೆಯವೇ ಕೂತವು, ದುಡ್ಡು ಉಳಿಯಿತು. ಶುಕ್ರವಾರ ಇದರಲ್ಲೇ ಹುಲಿಗಿಗೆ ಹೋಗೋಣ.

ಗಂಗಾವತಿ ಅಕ್ಕ: ಚೆನ್ನಾಗಿವೆ ಮಾವ! ನನ್ನನ್ನೂ ಮಕ್ಕಳನ್ನೂ ದಾರಿಯಲ್ಲಿ ಹತ್ತಿಸಿಕೊಳ್ಳಿ.

ನಾನು: ಮಾವ, ಬೋಲ್ಟು ಬದಲಿಸದೆ ದಯವಿಟ್ಟು ಹೊರಡಬೇಡಿ. ಫೋಟೊ ದೊಡ್ಡದು ಮಾಡಿ ನೋಡಿದೆ. ಹೊಸ ಗಾಲಿಯ ರಂಧ್ರದ ಅಂಚು ನೇರ ಇಳಿಜಾರಾಗಿದೆ. ಕಂಪನಿಯ ಬೋಲ್ಟಿನ ತಲೆಯ ಕೆಳಭಾಗ ದುಂಡಗಿರುತ್ತದೆ. ಆಲಿಕೆಯೊಳಗೆ ಗೋಲಿ ಇಟ್ಟ ಹಾಗೆ ಒಂದು ತೆಳು ಗೆರೆಯ ಮೇಲೆ ಮಾತ್ರ ತಾಗುತ್ತದೆ.

ಸಿಂಧನೂರು ಮಾವ: ಥ್ರೆಡ್ ಒಂದೇ ಅಲ್ಲವೇನಪ್ಪ? ಪೂರ್ತಿ ಒಳಗೆ ಹೋಗಿದೆ, ನನ್ನ ಕಣ್ಣೆದುರೇ ಬಿಗಿದರು.

ನಾನು: ಥ್ರೆಡ್ ಕೂತದ್ದು ಹಬ್‌ನಲ್ಲಿ, ಅಂದರೆ ಗಾಲಿಯನ್ನು ಕೂರಿಸುವ ಕಾರಿನ ತಿರುಗುವ ಭಾಗದಲ್ಲಿ ಮಾವ, ಗಾಲಿಯಲ್ಲಲ್ಲ. ಗಾಲಿಯನ್ನು ಒತ್ತಿ ಹಿಡಿಯುವುದು ತಲೆಯ ಕೆಳಗಿನ ಮೈ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಆ ಗೆರೆಯಲ್ಲಿ ತಗ್ಗು ಬಿದ್ದರೆ ಬಿಗಿತ ತಾನಾಗಿ ಸಡಿಲುತ್ತದೆ.

ಸಂಡೂರು ದೊಡ್ಡಮಾವ: ಈ ವಿಡಿಯೊ ನೋಡು. ಪಾನಾಕ್ಕೆ ಪೈಪು ಸಿಕ್ಕಿಸಿ ಮೇಲೆ ನಿಂತು ಬಿಗಿಯುತ್ತಾನೆ. ನಮ್ಮ ಅದಿರಿನ ಲಾರಿಗಳಲ್ಲೂ ಹೀಗೆಯೇ. ಬಿಗಿ ಇದ್ದರೆ ಯಾವ ಬೋಲ್ಟಾದರೇನು?

ನಾನು: ದೊಡ್ಡಮಾವ, ಲಾರಿಯ ಲೆಕ್ಕವೇ ಬೇರೆ, ಅದರ ಬೋಲ್ಟುಗಳು ಎಷ್ಟೋ ದಪ್ಪ. ಪೋಲೊಗೆ ಬೇಕಾದ ಬಿಗಿತ 120 ನ್ಯೂಟನ್ ಮೀಟರ್, ಅದು ತಿರುಚುವ ಬಲದ ಅಳತೆ. 70 ಕಿಲೊ ತೂಕದವರು ಒಂದು ಮೀಟರ್ ಪೈಪಿನ ತುದಿಯಲ್ಲಿ ನಿಂತರೆ 680 ದಾಟುತ್ತದೆ, ಐದು ಪಟ್ಟಿಗಿಂತ ಹೆಚ್ಚು! ಬಿಗಿದಾಗ ಬೋಲ್ಟು ಕೂದಲೆಳೆಗಿಂತ ಕಡಿಮೆ ಹಿಗ್ಗುತ್ತದೆ. ಅದು ಮರಳಿ ಕುಗ್ಗಲು ಎಳೆಯುವ ಬಲವೇ ಗಾಲಿಯನ್ನು ಹಿಡಿದಿಡುವುದು. ಅಳತೆ ಮೀರಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ, ಇಲ್ಲವೇ ತುಂಡಾಗುತ್ತದೆ. ಆ ವಿಡಿಯೊವನ್ನು ಬೇರೆ ಗುಂಪುಗಳಿಗೆ ಕಳುಹಿಸಬೇಡಿ, ಕೈಮುಗಿಯುತ್ತೇನೆ.

ಸಿಂಧನೂರು ಮಾವ: ತುಕ್ಕು ಹಿಡಿಯದಿರಲೆಂದು ಥ್ರೆಡ್‌ಗೆ ಎಣ್ಣೆ ಹಚ್ಚಿದ್ದಾರೆ. ಅದೂ ತಪ್ಪೇ?

ನಾನು: ಹೌದು ಮಾವ. 120 ಎಂಬುದು ಒಣ ಥ್ರೆಡ್‌ಗೆ ಹೇಳಿದ ಅಳತೆ. ಎಣ್ಣೆಯಿದ್ದರೆ ಘರ್ಷಣೆ ಕಡಿಮೆಯಾಗಿ, ಅಷ್ಟೇ ಬಿಗಿದರೂ ಬೋಲ್ಟು ಹೆಚ್ಚು ಹಿಗ್ಗುತ್ತದೆ.

ಗಂಗಾವತಿ ಅಕ್ಕ: ಪಾಠ ಸಾಕು ತಮ್ಮ. ಏನು ಕೊಳ್ಳಬೇಕು, ಅದನ್ನು ಹೇಳು. ಕಾರಿನಲ್ಲಿ ನನ್ನ ಮಕ್ಕಳು ಕೂರುತ್ತಾರೆ.

ನಾನು: 14 ಮಿ.ಮೀ. ದಪ್ಪ, 1.5 ಮಿ.ಮೀ. ಪಿಚ್ (ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ), ತಲೆಯ ಕೆಳಗೆ 60 ಡಿಗ್ರಿ ಇಳಿಜಾರು. ಉದ್ದವನ್ನು ಮಾತ್ರ ಗಾಲಿಯ ಜೊತೆ ಇಟ್ಟು ನೋಡಿಯೇ ಕೊಳ್ಳಬೇಕು. ಬೆರಳಿನಿಂದ ತಿರುಗಿಸುವಾಗ ಸುತ್ತು ಎಣಿಸಿ, ಒಂಬತ್ತಕ್ಕಿಂತ ಕಡಿಮೆ ಬಂದರೆ ನಾನು ಒಪ್ಪುವುದಿಲ್ಲ. ತೀರ ಉದ್ದವಾದರೆ ಹಿಂದಿನ ಡ್ರಮ್ಮಿನೊಳಗೆ ಬ್ರೇಕಿನ ಭಾಗಗಳಿಗೆ ತಗಲಬಹುದು. ಗಾಲಿಯನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟು ಕೇಳಬೇಕು. ಗಾಲಿಯ ನಡುವಿನ ತೂತು ದೊಡ್ಡದಿದ್ದರೆ ಹಬ್‌ನ 57.1 ಮಿ.ಮೀ. ಅಳತೆಗೆ ಹೊಂದುವ ರಿಂಗ್ ಸಹ ಬೇಕು.

ಸಂಡೂರು ದೊಡ್ಡಮಾವ: ಇಷ್ಟೆಲ್ಲ ಯಾರು ಮಾಡುತ್ತಾರೆ?

ನಾನು: ನಾನು ಮಾಡುತ್ತೇನೆ. ಗುರುವಾರ ಬಳ್ಳಾರಿಯಿಂದ ಎರಡು ಉದ್ದದ ಬೋಲ್ಟು, ಬಿಗಿತ ಅಳೆದು ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚ್ ಹಿಡಿದು ಸಿಂಧನೂರಿಗೆ ಬರುತ್ತೇನೆ. ಅಲ್ಲಿಯವರೆಗೆ ಕಾರು ಮನೆಯ ಮುಂದೆಯೇ ಇರಲಿ ಮಾವ. ಹಬ್‌ನ ಮಣ್ಣು, ತುಕ್ಕು ಉಜ್ಜಿ ತೆಗೆದು, ಕಾರು ಜಾಕ್ ಮೇಲಿರುವಾಗಲೇ ಐದೂ ಬೋಲ್ಟುಗಳನ್ನು ಕೈಯಿಂದ ಕೂರಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಬಿಗಿಯೋಣ. ಜಾಕ್ ಇಳಿಸಿದ ಮೇಲೆ 120. ಶುಕ್ರವಾರ ಗಂಗಾವತಿ ಮುಟ್ಟುವಷ್ಟರಲ್ಲಿ ಸುಮಾರು 50 ಕಿ.ಮೀ. ಓಡಿರುತ್ತದೆ. ಅಕ್ಕನ ಮನೆಯ ಮುಂದೆ ಗಾಲಿ ತಣ್ಣಗಾದ ಮೇಲೆ ಮತ್ತೊಮ್ಮೆ ಪರೀಕ್ಷಿಸುತ್ತೇನೆ.

ಸಿಂಧನೂರು ಮಾವ: ಒಂದು ಬೋಲ್ಟು ಬಿಚ್ಚಿ ನೋಡಿದೆ. ಗಾಲಿಯ ರಂಧ್ರದಲ್ಲಿ ದಾರದಷ್ಟು ತೆಳುವಾದ ಹೊಳೆಯುವ ಗೆರೆ, ಉಳಿದ ಕಡೆ ಬಣ್ಣ ಹಾಗೆಯೇ ಇದೆ. ಗುರುವಾರ ಬಾ. ಹಳೆಯ ಬೋಲ್ಟುಗಳನ್ನು ಗುಜರಿಗೆ ಹಾಕಲೇ?

ನಾನು: ಬೇಡವೇ ಬೇಡ! ಸ್ಟೆಪ್ನಿ ಕಂಪನಿಯ ಕಬ್ಬಿಣದ ಗಾಲಿ, ಅದಕ್ಕೆ ಆ ದುಂಡು ತಲೆಯ ಬೋಲ್ಟೇ ಬೇಕು. ಎಣ್ಣೆ ಒರೆಸಿ, ಐದನ್ನು ಚೀಲದಲ್ಲಿ ಕಟ್ಟಿ ಜಾಕ್ ಪಕ್ಕ ಇಡಿ.