ಸಿಹಿನೀರಿಂದ ಉಪ್ಪುನೀರಿಗೆ: ಮೊದಲ ಸಣ್ಣ ಟ್ಯಾಂಕ್ ಯಾವುದಿರಲಿ?

ಕುವೆಂಪುನಗರ, ಮೈಸೂರು (ಕೇಳಿದವರು)

ಮನೇಲಿ ಗಿಡಗಳ ಟ್ಯಾಂಕ್ ಒಂದು, ಗಪ್ಪಿ ಟ್ಯಾಂಕ್ ಒಂದು ಚೆನ್ನಾಗಿ ನಡೀತಿದೆ. ಈಗ ಚಿಕ್ಕದೊಂದು ಉಪ್ಪುನೀರಿನ ಟ್ಯಾಂಕ್ ಇಡೋ ಆಸೆ. ಒಂದು ಜೋಡಿ ಕ್ಲೌನ್ ಮೀನು ಇದ್ರೆ ಸಾಕು, ಹವಳ ಸದ್ಯಕ್ಕೆ ಬೇಡ. ಅಂಗಡಿಯಲ್ಲಿ 20 ಲೀಟರಿನ ರೆಡಿಮೇಡ್ ಕ್ಯೂಬ್ ತೋರಿಸಿದ್ರು. ಮನೇಲಿ 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಹಳೇ ಟ್ಯಾಂಕೂ ಖಾಲಿ ಇದೆ. ಯಾವುದು ಒಳ್ಳೇದು? ಹಳೇ ಸಾಮಾನಲ್ಲಿ ಏನೇನು ನಡೆಯುತ್ತೆ? ನಲ್ಲಿ ನೀರು ಆಗುತ್ತಾ? ಮಾಡಿ ಗೊತ್ತಿರೋರು ದಯವಿಟ್ಟು ತಿಳಿಸಿ.

ಸರಸ್ವತಿಪುರಂ, ಮೈಸೂರು

ಮೇಡಂ, ಕ್ಯೂಬ್ ಬಿಡಿ, 2 ಅಡಿ ಟ್ಯಾಂಕನ್ನೇ ಇಟ್ಕೊಳ್ಳಿ. ಸಿಹಿನೀರಲ್ಲಿ ನೀರು ಆವಿಯಾಗಿ ಎರಡಿಂಚು ಇಳಿದರೂ ಮೀನಿಗೆ ದೊಡ್ಡ ತೊಂದರೆ ಇಲ್ಲ. ಇಲ್ಲಿ ನೀರು ಮಾತ್ರ ಹೋಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಚಿಕ್ಕ ಟ್ಯಾಂಕ್ ಕಷ್ಟ ಅನ್ನೋದು ಇದಕ್ಕೇ.

ಲೆಕ್ಕ ನೋಡಿ. 20 ಲೀಟರ್ ಕ್ಯೂಬಲ್ಲಿ ಕಲ್ಲು, ಮರಳು ಹೋಗಿ ನಿಜವಾದ ನೀರು 17 ಲೀಟರ್. ದಿನಕ್ಕೆ ಅರ್ಧ ಲೀಟರ್ ಆವಿಯಾದರೆ 35 ಇದ್ದ ಲವಣಾಂಶ (ಒಂದು ಕೆಜಿ ನೀರಲ್ಲಿ ಎಷ್ಟು ಗ್ರಾಂ ಉಪ್ಪು ಅನ್ನೋ ಲೆಕ್ಕ) 36 ಆಗುತ್ತೆ. ಮೂರು ದಿನ ಊರಿಗೆ ಹೋಗಿ ಬಂದರೆ 38 ದಾಟಿರುತ್ತೆ. ನಿಮ್ಮ 2 ಅಡಿ ಟ್ಯಾಂಕ್ ಲೆಕ್ಕಕ್ಕೆ 70 ಲೀಟರ್, ಕಲ್ಲು ಮರಳು ಹಾಕಿ ಮೇಲೆ ಒಂದೂವರೆ ಇಂಚು ಬಿಟ್ಟರೆ ನೀರು 55 ಲೀಟರಿನ ಸುಮಾರು. ಅದರಲ್ಲಿ ದಿನಕ್ಕೆ ಒಂದು ಲೀಟರ್ ಹೋದರೂ ಮೂರು ದಿನಕ್ಕೆ 37 ಅಷ್ಟೆ. ಬಿಸಿಲಿನ ತಾಪ, ಅಮೋನಿಯಾ, ಹೆಚ್ಚಾಗಿ ಬಿದ್ದ ಆಹಾರ, ಎಲ್ಲಕ್ಕೂ ಇದೇ ಲೆಕ್ಕ. ನೀರು ಜಾಸ್ತಿ ಇದ್ದಷ್ಟೂ ತಪ್ಪನ್ನ ಸರಿಮಾಡೋಕೆ ನಿಮಗೆ ಸಮಯ ಸಿಗುತ್ತೆ.

ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ದಿನಾ ಬೆಳಗ್ಗೆ ಆ ಗೆರೆಗೆ ಬರೋವರೆಗೂ ಉಪ್ಪಿಲ್ಲದ ಆರ್‌ಓ ನೀರು ಹಾಕಿ. ಉಪ್ಪುನೀರು ಹಾಕೋದು ವಾರಕ್ಕೊಮ್ಮೆ ನೀರು ಬದಲಿಸುವಾಗ ಮಾತ್ರ. ಸಿಹಿನೀರಿಂದ ಬಂದವರು ಎಡವೋದು ಹೆಚ್ಚಾಗಿ ಇಲ್ಲೇ. ಇಳಿದ ನೀರಿಗೆ ಉಪ್ಪುನೀರನ್ನೇ ಸೇರಿಸ್ತಾ ಹೋಗ್ತಾರೆ, 55 ಲೀಟರಲ್ಲಿ ದಿನಕ್ಕೆ ಒಂದು ಲೀಟರ್ ಲೆಕ್ಕಕ್ಕೆ ಒಂದು ವಾರದಲ್ಲೇ ಲವಣಾಂಶ 40ರ ಹತ್ತಿರ ಬಂದಿರುತ್ತೆ.

ಮಂಡ್ಯ

ಅಕ್ಕ, ಟ್ಯಾಂಕಿಗಿಂತ ಮೊದಲು ನೀರಿನ ವ್ಯವಸ್ಥೆ ಮಾಡ್ಕೊಳ್ಳಿ. ಕಾವೇರಿ ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ನಮ್ಮ ಕಡೆ ಬೋರ್ ನೀರು ಗಡಸು, ಸುತ್ತ ಕಬ್ಬು ಭತ್ತದ ಗದ್ದೆ ಇರೋ ಕಡೆ ಗೊಬ್ಬರದ ನೈಟ್ರೇಟೂ ಸೇರಿರಬಹುದು. ಎರಡೂ ನೇರವಾಗಿ ಬೇಡ. ದಿನಾ ಆವಿಯಾದ ಜಾಗಕ್ಕೆ ಅದನ್ನೇ ತುಂಬುತ್ತಾ ಹೋದರೆ ನೈಟ್ರೇಟ್, ಫಾಸ್ಫೇಟ್, ಸಿಲಿಕಾ ಎಲ್ಲ ಒಳಗೇ ಕೂಡಿಕೊಂಡು ಪಾಚಿ ಹಿಡಿಯುತ್ತೆ.

ಅಡುಗೆಮನೆ ಆರ್‌ಓ ಇದ್ರೆ ಅರ್ಧ ಕೆಲಸ ಆದಂಗೆ. ಆದರೆ ಅದರೊಳಗೆ ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಅಳತೆ) ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತೆ, ರುಚಿಗೆ ಅಂತ ಶುದ್ಧವಾಗದ ನೀರನ್ನ ಸ್ವಲ್ಪ ಬೆರೆಸೋದು ಅದೇ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ಸರ್ವೀಸ್ ಹುಡುಗನಿಗೆ ಹೇಳಿ ಮೆಂಬ್ರೇನಿಂದ ಹೊರಬರೋ ಪೈಪಿಗೇ ಒಂದು ‘ಟಿ’ ಹಾಕಿಸಿ ಬೇರೆ ನಲ್ಲಿ ತೆಗೆಸಿ, ಅದಕ್ಕೆ ಉಳಿದ ಲವಣವನ್ನೂ ಹಿಡಿದಿಡೋ ಡಿಐ ರೆಸಿನ್ ಕಾರ್ಟ್ರಿಜ್ ಜೋಡಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. 3-4ಕ್ಕೆ ಏರಿದರೆ ರೆಸಿನ್ ಮುಗೀತು ಅಂತ ಅರ್ಥ. ಎಸಿಯಿಂದ ಸೋರೋ ನೀರಿಗೂ ಟಿಡಿಎಸ್ ಕಡಿಮೆ ಬರುತ್ತೆ, ಅದನ್ನ ಮಾತ್ರ ಮುಟ್ಟಬೇಡಿ. ತಾಮ್ರದ ಕಾಯಿಲ್ ಮೇಲಿಂದ ಇಳಿದ ನೀರು ಅದು. ಸಿಗಡಿ, ಬಸವನಹುಳುಗಳಿಗೆ ತಾಮ್ರ ವಿಷ.

ಉಪ್ಪು ಕಲಸೋದು ಹೀಗೆ: ಆಹಾರಕ್ಕೆ ಬಳಸೋ ಪ್ಲಾಸ್ಟಿಕ್ ಡ್ರಮ್ಮಲ್ಲಿ 20 ಲೀಟರ್ ಆರ್‌ಓ ನೀರು, ಅದಕ್ಕೆ ಅಕ್ವೇರಿಯಂಗೆ ಅಂತಲೇ ಬರೋ ಮೆರೈನ್ ಸಾಲ್ಟ್ 740 ಗ್ರಾಂ, ಅಂದರೆ ಲೀಟರಿಗೆ 37 ಗ್ರಾಂ ಸುಮಾರು. ಅಡುಗೆ ಉಪ್ಪು, ಕಲ್ಲುಪ್ಪು ನಡೆಯಲ್ಲ, ಕ್ಯಾಲ್ಸಿಯಂ, ಮೆಗ್ನೀಷಿಯಂ ಸಮುದ್ರದ ಪ್ರಮಾಣದಲ್ಲಿ ಅದರಲ್ಲಿಲ್ಲ. ಮೊದಲು ನೀರು, ಆಮೇಲೆ ಉಪ್ಪು ಸ್ವಲ್ಪ ಸ್ವಲ್ಪವಾಗಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳದಲ್ಲಿ ಬಿಳಿ ಪುಡಿ ಕೂರುತ್ತೆ, ಅದು ಮತ್ತೆ ಕರಗಲ್ಲ. ಒಳಗೆ ಸಣ್ಣ ಪಂಪ್ ಬಿಟ್ಟು ಒಂದು ದಿನ ತಿರುಗಿಸಿ, ಆಮೇಲೆ ಅಳೆಯಿರಿ. ಲವಣಾಂಶ 35, ಸಾಂದ್ರತೆಯಲ್ಲಿ 1.025–1.026 ಬರಬೇಕು.

ಸರಸ್ವತಿಪುರಂ

ಅಳೆಯೋಕೆ ರಿಫ್ರಾಕ್ಟೋಮೀಟರ್ ತಗೊಳ್ಳಿ. ಮುಳ್ಳಿರೋ ಪ್ಲಾಸ್ಟಿಕ್ ಹೈಡ್ರೋಮೀಟರಲ್ಲಿ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಜಾಸ್ತಿ ತೋರಿಸುತ್ತೆ, ನೀವು ಅದನ್ನ ನಂಬಿ ಉಪ್ಪು ಕಡಿಮೆ ಮಾಡ್ತೀರಿ. ರಿಫ್ರಾಕ್ಟೋಮೀಟರನ್ನ ಬರೀ ಆರ್‌ಓ ನೀರಲ್ಲಿ ಸೊನ್ನೆಗೆ ತಂದರೆ ಸಾಲದು, 35ರ ದ್ರಾವಣದಲ್ಲೇ ಸರಿಪಡಿಸಬೇಕು. ಅಂಗಡಿದು ಸಿಗದಿದ್ದರೆ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ, ಆರ್‌ಓ ನೀರು 963.5 ಗ್ರಾಂ, ಎರಡನ್ನೂ ತೂಕ ಮಾಡಿ ಬೆರೆಸಿದರೆ 35ಕ್ಕೆ ಸರಿಯಾಗಿ ಹೊಂದುತ್ತೆ.

ವಿಜಯನಗರ, ಮೈಸೂರು

ಹಳೇ ಸಾಮಾನಿನ ಬಗ್ಗೆ. ಮೊದಲನೇ ಪ್ರಶ್ನೆ: ಆ ಟ್ಯಾಂಕಲ್ಲಿ ಯಾವಾಗಾದರೂ ತಾಮ್ರದ ಔಷಧಿ ಹಾಕಿದ್ದಿರಾ? ಹಾಕಿದ್ದರೆ ಮೀನಿಗೆ ಕ್ವಾರಂಟೈನ್ ಟ್ಯಾಂಕ್ ಮಾಡ್ಕೊಳ್ಳಿ, ಮುಖ್ಯ ಟ್ಯಾಂಕ್ ಹೊಸದೇ ಇರಲಿ. ಹಾಕಿಲ್ಲ ಅಂದರೆ ನೀರು ತುಂಬಿ ಕೆಳಗೆ ನ್ಯೂಸ್‌ಪೇಪರ್ ಹಾಸಿ ಎರಡು ದಿನ ಬಿಡಿ. ಒಣಗಿ ಕೂತಿದ್ದ ಸಿಲಿಕಾನ್ ಮೂಲೆಯಲ್ಲಿ ಸೋರುತ್ತಾ ಇಲ್ವಾ ಪೇಪರಲ್ಲೇ ಗೊತ್ತಾಗುತ್ತೆ.

ಹಿಂದೆ ನೇತುಹಾಕೋ ಫಿಲ್ಟರ್ ನಡೆಯುತ್ತೆ, ಒಳಗಿನ ಸ್ಪಂಜ್ ಹೊಸದಿರಲಿ. ಹತ್ತಿಯನ್ನ ಮೂರು ದಿನಕ್ಕೊಮ್ಮೆ ಬದಲಿಸಿ. ಹೀಟರ್ ನಡೆಯುತ್ತೆ, 55 ಲೀಟರಿಗೆ 100 ವ್ಯಾಟ್ ಸಾಕು. ಗಿಡದ ಲೈಟ್ ಬರೀ ಮೀನಿಗೆ ಆಗುತ್ತೆ, ದಿನಕ್ಕೆ 6 ಗಂಟೆಗಿಂತ ಹೆಚ್ಚು ಬೇಡ. ಗಿಡದ ಮಣ್ಣು, ಹಳೇ ಜಲ್ಲಿ, ಮರದ ಬೇರು, ಸಿಓ2 ಕಿಟ್ ಯಾವುದೂ ಬೇಡ. ಹೊಳೆ ಮರಳೂ ಬೇಡ, ಅರಗೊನೈಟ್ ಅನ್ನೋ ಸುಣ್ಣದ ಮರಳು ಒಂದು ಇಂಚಿಗೆ 6–7 ಕೆಜಿ ಹಿಡಿಯುತ್ತೆ. ಹೊಸದಾಗಿ ಕೊಳ್ಳಲೇಬೇಕಾದ್ದು ಒಂದು ವೇವ್‌ಮೇಕರ್, ಗಂಟೆಗೆ 1500 ಲೀಟರ್ ತಳ್ಳೋದು. ಮುಖವನ್ನ ನೀರಿನ ಮೇಲ್ಮೈ ಕಡೆ ಸ್ವಲ್ಪ ಎತ್ತಿಡಿ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಉಪ್ಪುನೀರು 7 ಕೂಡ ಹಿಡಿಯಲ್ಲ, ಅದಕ್ಕೇ ಮೇಲ್ಮೈ ಸದಾ ಕಲಕ್ತಾ ಇರಬೇಕು. ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ಎರಡು ಮೀನಿಗೆ ಬೇಕಿಲ್ಲ, ವಾರಕ್ಕೆ 6 ಲೀಟರ್ ನೀರು ಬದಲಿಸಿದರೆ ಸಾಕು. ಆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 12 ಕೆಜಿ ಉಪ್ಪು ಖರ್ಚಾಗುತ್ತೆ, ಒಂದೇ ಸಲ ದೊಡ್ಡ ಬಕೆಟ್ ತಗೊಂಡರೆ ಗಾಳಿ ಆಡದಂಗೆ ಮುಚ್ಚಿಡಿ, ಮಳೆಗಾಲಕ್ಕೆ ಗಟ್ಟಿಕಟ್ಟುತ್ತೆ.

ಕಬ್ಬಿಣದ ಕ್ಲಿಪ್, ಸ್ಕ್ರೂ ಯಾವುದೂ ನೀರಿನ ಮೇಲೆ ಇರಬಾರದು. ಗುಳ್ಳೆ ಒಡೆದು ಸಿಡಿದ ಹನಿ ಒಣಗಿ ಟ್ಯಾಂಕಿನ ಅಂಚು, ಲೈಟಿನ ಕಾಲು, ವೈರುಗಳ ಮೇಲೆ ಬಿಳೀ ಉಪ್ಪು ಕಟ್ಟುತ್ತೆ, ವೈರ್ ಹಿಡಿದು ಪ್ಲಗ್ಗಿನವರೆಗೂ ತೆವಳುತ್ತೆ. ಪ್ಲಗ್ ಪಾಯಿಂಟಿಗಿಂತ ಕೆಳಗೆ ವೈರ್ ಒಂದು ಸುತ್ತು ಜೋತುಬಿದ್ದಿರಲಿ, ಹನಿ ಅಲ್ಲೇ ತೊಟ್ಟಿಕ್ಕಲಿ. ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಇಲ್ಲದಿದ್ದರೆ ಹಾಕಿಸಿಯೇ ಶುರುಮಾಡಿ.

ಕುವೆಂಪುನಗರ (ಕೇಳಿದವರು)

ತುಂಬಾ ಉಪಕಾರ. ಮಂಗಳೂರಲ್ಲಿ ನೆಂಟರಿದ್ದಾರೆ, ಕ್ಯಾನಲ್ಲಿ ಸಮುದ್ರದ ನೀರು, ಒಂದಿಷ್ಟು ಲೈವ್ ರಾಕ್ (ಸೂಕ್ಷ್ಮಜೀವಿಗಳಿರೋ ಸಮುದ್ರದ ಕಲ್ಲು) ತರಿಸಬಹುದಾ? ಗಪ್ಪಿ ಟ್ಯಾಂಕಿನ ಹಳೇ ಫಿಲ್ಟರ್ ಮೀಡಿಯಾ ಹಾಕಿದರೆ ಸೈಕಲ್ (ಮೀನಿನ ಕೊಳೆಯ ಅಮೋನಿಯಾವನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆಸೋದು) ಬೇಗ ಆಗಲ್ವಾ?

ಮಂಡ್ಯ

ನೀರು ಬೇಡ ಅಕ್ಕ. ನೇತ್ರಾವತಿ, ಗುರುಪುರ ಹೊಳೆ ಸೇರೋ ಜಾಗ ಅದು, ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಬಹಳ ಇಳಿದುಹೋಗುತ್ತೆ. ಬಂದರಿನ ಎಣ್ಣೆ, ಊರಿನ ಚರಂಡಿ ಬೇರೆ. ಕ್ಯಾನಲ್ಲಿ ಮುಚ್ಚಿಟ್ಟು ಘಾಟಿ ಹತ್ತಿ ಬರೋದರೊಳಗೆ ಅದರಲ್ಲಿನ ಸೂಕ್ಷ್ಮಜೀವಿಗಳು ಸತ್ತು ಕೊಳೆಯೋಕೆ ಶುರುವಾಗಿರುತ್ತೆ.

ಲೈವ್ ರಾಕ್ ಅಂತೂ ಬೇಡವೇ ಬೇಡ. ಅದು ಹವಳದ ಅಸ್ಥಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಬಂಡೆ ಕಟ್ಟುವ ಹವಳ, ಸೀ ಫ್ಯಾನ್, ಕಡಲಕುದುರೆ ಎಲ್ಲ ಇವೆ, ಹುಲಿಗಿರೋ ಅದೇ ರಕ್ಷಣೆ. ಯಾರಾದರೂ ಮಾರ್ತೀನಿ ಅಂದರೂ ತಗೋಬೇಡಿ. ಸೆರಾಮಿಕ್ ಅಥವಾ ಕೃತಕ ಒಣ ಕಲ್ಲು 5–6 ಕೆಜಿ ಸಾಕು. ಕಲ್ಲನ್ನ ಮೊದಲು ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನು ಕೆಳಗೆ ತೋಡಿದಾಗ ಕುಸಿದು ಗಾಜಿಗೆ ಬೀಳುತ್ತೆ.

ಸರಸ್ವತಿಪುರಂ

ಗಪ್ಪಿ ಫಿಲ್ಟರಿನ ಬ್ಯಾಕ್ಟೀರಿಯಾ 35ರ ಉಪ್ಪಿಗೆ ದಿಢೀರ್ ಹಾಕಿದರೆ ಕೆಲಸಕ್ಕೆ ಬರಲ್ಲ, ಸತ್ತು ಇನ್ನಷ್ಟು ಅಮೋನಿಯಾ ಮಾಡುತ್ತೆ. ಉಪ್ಪುನೀರಿನ ಸೈಕಲ್ ಹೊಸದಾಗೇ ಮಾಡಬೇಕು, ನಾಲ್ಕರಿಂದ ಆರು ವಾರ. ಇಲ್ಲಿ ಅವಸರ ಮಾಡಬಾರದು ಅನ್ನೋದಕ್ಕೆ ಕಾರಣ ಪಿಎಚ್. ಪಿಎಚ್ 7ರ ನೀರಲ್ಲಿ ಒಟ್ಟು ಅಮೋನಿಯಾದ ವಿಷದ ರೂಪ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. 8.2ರ ಉಪ್ಪುನೀರಲ್ಲಿ ಏಳೆಂಟು ಪಾಲು. ಗಿಡದ ಟ್ಯಾಂಕಲ್ಲಿ ಗಮನಕ್ಕೇ ಬರದ ಅಮೋನಿಯಾ ಇಲ್ಲಿ ಕಿವಿರು ಸುಡುತ್ತೆ.

ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಅಮೋನಿಯಂ ಕ್ಲೋರೈಡ್ ಸಿಗುತ್ತೆ. 3.5 ಗ್ರಾಂ ಅನ್ನು ಆರ್‌ಓ ನೀರಲ್ಲಿ ಕರಗಿಸಿ ಒಟ್ಟು 100 ಎಂಎಲ್ ಮಾಡಿಟ್ಕೊಳ್ಳಿ. ಅದರಲ್ಲಿ 10 ಎಂಎಲ್ ಹಾಕಿದರೆ 55 ಲೀಟರಿಗೆ ಹೆಚ್ಚುಕಮ್ಮಿ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಬರುತ್ತೆ. ಸಮುದ್ರದ ಬ್ಯಾಕ್ಟೀರಿಯಾ ಬಾಟಲ್ ಸಿಕ್ಕರೆ ಅವತ್ತೇ ಹಾಕಿ, ತಾರೀಖು ಮುಗಿದಿರೋದು, ಬಿಸಿಲಲ್ಲಿ ಇಟ್ಟಿದ್ದು ಬೇಡ. ಅಮೋನಿಯಾ ಇಳಿದು ಸೊನ್ನೆ ಆದಾಗ ಮತ್ತೆ 10 ಎಂಎಲ್. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಸೊನ್ನೆ ಮಾಡಿತು ಅಂದರೆ ಟ್ಯಾಂಕ್ ಸಿದ್ಧ. ನೈಟ್ರೈಟ್ ಸ್ವಲ್ಪ ಕಾಣ್ತಾ ಇದ್ರೆ ಗಾಬರಿ ಬೇಡ, ಉಪ್ಪಿನ ಕ್ಲೋರೈಡ್ ಇರೋದರಿಂದ ಸಿಹಿನೀರಿನ ಹಾಗೆ ಅದು ಮೀನಿನ ರಕ್ತಕ್ಕೆ ಹೊಕ್ಕಲ್ಲ. ಕೊನೆಗೆ ಅರ್ಧದಷ್ಟು ನೀರು ಬದಲಿಸಿ. ಇದರ ನಡುವೆ ಕಲ್ಲು, ಮರಳೆಲ್ಲ ಕಂದು ಬಣ್ಣ ಆಗುತ್ತೆ. ಅದು ಡಯಾಟಮ್ ಅನ್ನೋ ಪಾಚಿ, ಕೆಲವು ವಾರಕ್ಕೆ ತಾನೇ ಹೋಗುತ್ತೆ, ಔಷಧಿ ಸುರಿಯಬೇಡಿ.

ವಿಜಯನಗರ

ಮೀನಿನ ವಿಷಯ. ಆಸೆಲಾರಿಸ್ ಕ್ಲೌನ್ ಎರಡು, ಮರಿಗಳನ್ನೇ ತಗೊಳ್ಳಿ, ಒಂದು ದೊಡ್ಡದು ಒಂದು ಚಿಕ್ಕದು. ಎಲ್ಲವೂ ಗಂಡಾಗಿ ಬೆಳೆದು ಆಮೇಲೆ ದೊಡ್ಡದು ಹೆಣ್ಣಾಗುತ್ತೆ, ಹಾಗಾಗಿ ಜಗಳ ಕಡಿಮೆ. ತೊಟ್ಟಿಯಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ. ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಈ ಕ್ಲೌನ್ ಮರಿ ಮಾಡಿಸೋ ವಿಧಾನವನ್ನ ನಮ್ಮ ದೇಶದಲ್ಲೇ ರೂಢಿಗೆ ತಂದಿದೆ, ಸಮುದ್ರದಿಂದ ಹಿಡಿದ ಮೀನು ಬೇಕಿಲ್ಲ. ಕ್ಲೌನ್ ಆಸರೆ ಪಡೆಯೋ ಕಡಲ ಜೀವಿ ಅನಿಮೋನ್ ಈಗ ಬೇಡ, ಅದಿಲ್ಲದೆಯೇ ಕ್ಲೌನ್ ಚೆನ್ನಾಗಿರುತ್ತೆ. ಬ್ಲೂ ಟ್ಯಾಂಗ್, ಮ್ಯಾಂಡರಿನ್ ಎಷ್ಟೇ ಚೆಂದ ಕಂಡರೂ 2 ಅಡಿಗೆ ಅಲ್ಲ. ಡ್ಯಾಮ್ಸೆಲ್ ಅಗ್ಗ ಅಂತ ಮೊದಲು ಬಿಟ್ಟರೆ ಅದೇ ಇಡೀ ಟ್ಯಾಂಕನ್ನ ತನ್ನದು ಮಾಡಿಕೊಂಡು ಕ್ಲೌನನ್ನ ಕಚ್ಚುತ್ತೆ. ಮೂರನೇದು ಬೇಕು ಅಂದರೆ ಎರಡು ತಿಂಗಳಾದ ಮೇಲೆ ಒಂದು ವಾಚ್‌ಮನ್ ಗೋಬಿ, ಮೇಲೆ ಜಾಲರಿ ಮುಚ್ಚಳ ಕಡ್ಡಾಯ.

ಅಂಗಡಿಯಲ್ಲಿ ನಿಮ್ಮ ಮುಂದೆಯೇ ಆಹಾರ ಹಾಕಿಸಿ ತಿನ್ನುತ್ತಾ ನೋಡಿ. ಅವರ ಟ್ಯಾಂಕಿನ ಲವಣಾಂಶ ಎಷ್ಟು ಅಂತ ಕೇಳಿ. ಪರಾವಲಂಬಿ ಕಡಿಮೆ ಆಗಲಿ ಅಂತ 1.018–1.020ರಲ್ಲಿ ಇಟ್ಟಿರೋದುಂಟು. ಅಲ್ಲಿಂದ ನೇರ 1.026ಕ್ಕೆ ಬಿಟ್ಟರೆ ಮೀನು ತಡೆಯಲ್ಲ. ಕ್ವಾರಂಟೈನ್ ಟ್ಯಾಂಕನ್ನ ಅವರ ಅಳತೆಗೇ ಸಿದ್ಧಮಾಡಿ, ದಿನಕ್ಕೆ 0.001–0.002 ಏರಿಸಿ, ನಾಲ್ಕು ವಾರ ಅಲ್ಲೇ ಇರಲಿ. ಬಿಳಿಚುಕ್ಕೆ ಬಂದರೆ ಸಿಹಿನೀರಿನ ಇಕ್ ಔಷಧಿ ನಂಬಬೇಡಿ, ಇದು ಕ್ರಿಪ್ಟೋಕ್ಯಾರಿಯಾನ್, ಬೇರೆಯೇ ಜೀವಿ. ತಾಮ್ರದ ಚಿಕಿತ್ಸೆ ಕ್ವಾರಂಟೈನಲ್ಲಿ ಮಾತ್ರ.

ಬೆಂಗಳೂರಿಂದ ಮೂರು ಗಂಟೆಯಲ್ಲಿ ತಂದ ಮೀನನ್ನ ನಿಧಾನ ಹನಿಹನಿಯಾಗಿ ಹೊಂದಿಸಬಹುದು. ಕೊರಿಯರಲ್ಲಿ ಒಂದು ದಿನ ಪ್ಯಾಕಲ್ಲಿದ್ದ ಮೀನಿಗೆ ಹಾಗೆ ಮಾಡಬೇಡಿ. ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತೆ, ಅದೇ ಅಮೋನಿಯಾವನ್ನ ತಣ್ಣಗಿಟ್ಟಿರುತ್ತೆ. ಪ್ಯಾಕ್ ಬಿಚ್ಚಿದ ಕೂಡಲೇ ಪಿಎಚ್ ಏರಿ ಅಮೋನಿಯಾ ವಿಷವಾಗುತ್ತೆ. ಬಿಚ್ಚದೆ ತೇಲಿಬಿಟ್ಟು ತಾಪ ಹೊಂದಿಸಿ, ಬಿಚ್ಚಿ ಲವಣಾಂಶ ಅಳೆದು ಕ್ವಾರಂಟೈನ್ ನೀರನ್ನ ಅಷ್ಟಕ್ಕೇ ತಂದು, ಮೀನನ್ನ ಮಾತ್ರ ಎತ್ತಿ ಬಿಡಿ. ಪ್ಯಾಕಿನ ನೀರು ಚರಂಡಿಗೆ.

ಕುವೆಂಪುನಗರ (ಕೇಳಿದವರು)

ಏಪ್ರಿಲಲ್ಲಿ ನಮ್ಮ ಹಾಲ್ 31 ಡಿಗ್ರಿ ಇರುತ್ತೆ, ಚಿಲ್ಲರ್ ಬೇಕೇ ಬೇಕಾ? ಕರೆಂಟ್ ಹೋದರೆ?

ಮಂಡ್ಯ

55 ಲೀಟರಿಗೆ ಚಿಲ್ಲರ್ ಬೇಡ. ನೀರಿನ ಮೇಲ್ಮೈಗೆ ಓರೆಯಾಗಿ ಎರಡು ಸಣ್ಣ ಕಂಪ್ಯೂಟರ್ ಫ್ಯಾನ್ ಕಟ್ಟಿ, ಎರಡು ಮೂರು ಡಿಗ್ರಿ ಇಳಿಯುತ್ತೆ. 28ರ ಒಳಗೆ ನಿಂತರೆ ಸರಿ. ಫ್ಯಾನ್ ಹಾಕಿದ ದಿನ ನೀರು ಹೆಚ್ಚು ಆವಿಯಾಗುತ್ತೆ, ಟೇಪ್ ಗೆರೆ ಬೆಳಗ್ಗೆ ಸಂಜೆ ಎರಡೂ ಹೊತ್ತು ನೋಡಿ. ವೇವ್‌ಮೇಕರನ್ನ ಇನ್ವರ್ಟರ್ ಲೈನಿಗೆ ಹಾಕಿ, ಹೀಟರ್ ಮಾತ್ರ ಆ ಲೈನಲ್ಲಿ ಬೇಡ. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿ ಏರ್‌ಪಂಪ್ ಒಂದು ಪಕ್ಕದಲ್ಲಿರಲಿ. ಫಿಲ್ಟರ್ ಎರಡು ಮೂರು ಗಂಟೆಗಿಂತ ಹೆಚ್ಚು ನಿಂತಿದ್ದರೆ ಒಳಗಿನ ನೀರು ಚೆಲ್ಲಿ ಸ್ಪಂಜನ್ನ ಟ್ಯಾಂಕಿನ ನೀರಲ್ಲೇ ಅದ್ದಿ ಹಿಂಡಿ, ಆಮೇಲೆ ಆನ್ ಮಾಡಿ.