ಪ್ರಶ್ನೋತ್ತರ: ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ಪ್ರಯೋಗಗಳಿಗೆ ಜಾಗ ಎಷ್ಟು, ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಪ್ರೌಢಶಾಲೆಯ 30 ವಿಜ್ಞಾನ ಶಿಕ್ಷಕರಿಗೆ ಎರಡು ದಿನದ ತರಬೇತಿ ನಡೆಸಬೇಕಾಗಿದೆ. ಈವರೆಗಿನ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಗಳು ಸ್ಲೈಡ್ ಹಾಕಿ, ತಾವೇ ಪ್ರಯೋಗ ಮಾಡಿ ತೋರಿಸಿ ಮುಗಿಸುತ್ತಿದ್ದರು. ಶಿಕ್ಷಕರು ಮೆಚ್ಚಿಕೊಂಡೇ ಹೋಗುತ್ತಾರೆ, ಆದರೆ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ಎರಡು ದಿನದಲ್ಲಿ ಏನನ್ನು ಇಟ್ಟುಕೊಳ್ಳಲಿ, ಏನನ್ನು ಬಿಡಲಿ?

ಉತ್ತರ: ಬೋಧನಾ ವಿಧಾನಗಳ ಮೇಲಿನ ಉಪನ್ಯಾಸವನ್ನು ಬಿಡಿ. ಹತ್ತು ಪ್ರಯೋಗ ತುರುಕುವ ಆಸೆಯನ್ನೂ ಬಿಡಿ, ಮೂರು ಸಾಕು. ಆ ಮೂರನ್ನೂ ಶಿಕ್ಷಕರು ಕೈಯಾರೆ ಮಾಡಬೇಕು, ಅವು ಕೆಡುವುದನ್ನೂ ಕಣ್ಣಾರೆ ನೋಡಬೇಕು. ತರಬೇತಿಯಲ್ಲಿ ಅಚ್ಚುಕಟ್ಟಾಗಿ ಬಂದ ಪ್ರಯೋಗ ತರಗತಿಯಲ್ಲಿ ಒಮ್ಮೆ ಕೈಕೊಟ್ಟರೆ ಸಾಕು, ಶಿಕ್ಷಕರು ಮತ್ತೆ ಅದನ್ನು ಮುಟ್ಟುವುದಿಲ್ಲ.

ಮೊದಲನೆಯದಾಗಿ ಮೇಣದಬತ್ತಿಯ ಪ್ರಯೋಗ ಇಡಿ. ತಟ್ಟೆಯಲ್ಲಿ ಒಂದೂವರೆ ಸೆಂಟಿಮೀಟರ್ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಏರುತ್ತದೆ. ಏಕೆ ಎಂದು ಕೇಳಿದರೆ ಬಹಳಷ್ಟು ಜನ ‘ಗಾಳಿಯ ಐದನೇ ಒಂದು ಭಾಗವಾದ ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು’ ಎನ್ನುತ್ತಾರೆ. ಈ ವಿವರಣೆ ತಪ್ಪು. ಹಾಗೆಂದು ನೀವು ಹೇಳಿಬಿಡಬೇಡಿ. ಒಂದು ಬತ್ತಿ ಇಟ್ಟಾಗ ಎಷ್ಟು ಏರುತ್ತದೆ, ಅದೇ ಲೋಟದಡಿ ಮೂರು ಬತ್ತಿ ಇಟ್ಟರೆ ಎಷ್ಟು ಏರಬಹುದು ಎಂಬ ಊಹೆಯನ್ನು ಪ್ರತಿಯೊಬ್ಬರೂ ಮೊದಲೇ ಕಾಗದದ ಮೇಲೆ ಕಾರಣದ ಸಮೇತ ಬರೆಯಲಿ. ಬಾಯಲ್ಲಿ ಹೇಳಿಸಿದರೆ ಮೊದಲು ಮಾತಾಡಿದವರ ಉತ್ತರವೇ ಎಲ್ಲರ ಉತ್ತರವಾಗುತ್ತದೆ.

ಆಮೇಲೆ ಮಾಡಲಿ. ಲೋಟದ ಅಂಚನ್ನೇ ನೋಡಿ ಎಂದು ಹೇಳಿ. ಬಿಸಿಯಾಗಿ ಹಿಗ್ಗಿದ ಗಾಳಿ ಅಂಚಿನಿಂದ ಗುಳ್ಳೆಗಳಾಗಿ ಹೊರಬರುವುದು ಕಾಣುತ್ತದೆ. ನೀರು ಹೆಚ್ಚಾಗಿ ಏರುವುದು ಬತ್ತಿ ಉರಿಯುವಾಗ ಅಲ್ಲ, ಆರಿದ ಮೇಲೆ, ಒಳಗಿನ ಗಾಳಿ ತಣಿದು ಕುಗ್ಗಿದಾಗ. ಮೂರು ಬತ್ತಿ ಇಟ್ಟರೆ ಇನ್ನೂ ಮೇಲಕ್ಕೆ ಏರುತ್ತದೆ. ಲೋಟದೊಳಗಿನ ಆಮ್ಲಜನಕ ಮೂರು ಪಟ್ಟಾಗಿಲ್ಲವಲ್ಲ! ಜೊತೆಗೆ, ಬತ್ತಿ ಆಮ್ಲಜನಕವನ್ನೆಲ್ಲ ತೀರಿಸುವುದೂ ಇಲ್ಲ. ಅದರ ಪ್ರಮಾಣ ಸುಮಾರು 21 ಶೇಕಡದಿಂದ 16ರ ಆಸುಪಾಸಿಗೆ ಇಳಿಯುವಷ್ಟರಲ್ಲೇ ಆರಿಹೋಗುತ್ತದೆ. ಅಷ್ಟೇ ಅಲ್ಲ, ಖರ್ಚಾದ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಬಂದು ಸೇರಿರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ‘ಹಾಗಾದರೆ ಐದನೇ ಒಂದು ಭಾಗವನ್ನು ತೋರಿಸುವುದು ಹೇಗೆ’ ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲ ದಿನ ಬೆಳಿಗ್ಗೆಯೇ ಇದನ್ನೂ ಇಟ್ಟುಬಿಡಿ: ಒಂದು ಗ್ರಾಂನಷ್ಟು ಸ್ಟೀಲ್ ವೂಲ್ (ಕಬ್ಬಿಣದ ನವಿರಾದ ಎಳೆಗಳ ಉಂಡೆ) ಅನ್ನು ವಿನಿಗರ್‌ನಲ್ಲಿ ಒಂದೆರಡು ನಿಮಿಷ ನೆನೆಸಿ, ಕೊಡವಿ, ಒದ್ದೆಯಾಗಿರುವಾಗಲೇ ಪ್ರನಾಳದ ತಳಕ್ಕೆ ಸಡಿಲವಾಗಿ ತುರುಕಿ, ಪ್ರನಾಳವನ್ನು ನೀರಿನ ಬೀಕರಿನಲ್ಲಿ ಬೋರಲು ನಿಲ್ಲಿಸಿ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ತುಕ್ಕು ಹಿಡಿದು, 15 ಸೆಂ.ಮೀ. ಪ್ರನಾಳದಲ್ಲಿ ನೀರು ಸುಮಾರು 3 ಸೆಂ.ಮೀ. ಏರಿರುತ್ತದೆ. ಅಳೆಯುವ ಮುನ್ನ ಒಳಗಿನ ಹೊರಗಿನ ನೀರಿನ ಮಟ್ಟ ಸಮನಾಗುವಂತೆ ಪ್ರನಾಳವನ್ನು ತಗ್ಗಿಸಿಯೋ ಎತ್ತಿಯೋ ಹಿಡಿಯಬೇಕು, ಇಲ್ಲವಾದರೆ ಒಳಗಿನ ಒತ್ತಡ ಬೇರೆಯಾಗಿ ಲೆಕ್ಕ ತಪ್ಪುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರಬ್ಬರ್ ತರುವುದು. ಅದು ತುಕ್ಕು ಹಿಡಿಯುವುದಿಲ್ಲ. ವಿನಿಗರ್ ಹಂತ ಬಿಟ್ಟರೆ ಎಳೆಗಳ ಮೇಲಿನ ಎಣ್ಣೆಪಸೆ ಹೋಗದೆ ತುಕ್ಕು ತಡವಾಗುತ್ತದೆ.

ತನ್ನದೇ ಊಹೆ ಕಣ್ಣೆದುರು ಬಿದ್ದುಹೋದಾಗ ಶಿಕ್ಷಕರಿಗೆ ಹೇಗೆ ಅನ್ನಿಸುತ್ತದೋ, ಮಕ್ಕಳಿಗೂ ಹಾಗೇ ಅನ್ನಿಸುತ್ತದೆ. ಆ ಅನುಭವ ಕೊಡುವುದೇ ಈ ಅಧಿವೇಶನದ ಉದ್ದೇಶ. ಆದ್ದರಿಂದ ತಪ್ಪು ಬರೆದವರ ಹೆಸರನ್ನು ಎಲ್ಲರೆದುರು ಓದಲೇಬೇಡಿ.

ಮರುಪ್ರಶ್ನೆ: ಎಲೆಯಲ್ಲಿ ಪಿಷ್ಟವಿದೆಯೇ ಎಂದು ಅಯೋಡಿನ್ ಹಾಕಿ ನೋಡುವ ಪರೀಕ್ಷೆಯನ್ನೂ ಇಡಬೇಕೆಂದಿದ್ದೇನೆ. ಎಲೆ ನೀಲಿಗಪ್ಪು ಆಗುವುದೇ ಇಲ್ಲ ಎಂಬ ದೂರು ಶಿಕ್ಷಕರಿಂದ ಪದೇಪದೇ ಬರುತ್ತದೆ.

ಉತ್ತರ (ಜೀವಶಾಸ್ತ್ರ ಬೋಧಿಸುವ ಇನ್ನೊಬ್ಬ ಸದಸ್ಯರಿಂದ): ಮೇಡಂ, ತಪ್ಪು ಸಾಮಾನ್ಯವಾಗಿ ನಾಲ್ಕು ಕಡೆ ಆಗುತ್ತದೆ. ಒಂದು, ಎಲೆಯನ್ನು ಬೆಳಿಗ್ಗೆ ಬೇಗ ಕಿತ್ತಿರುತ್ತಾರೆ. ನಾಲ್ಕೈದು ಗಂಟೆ ಬಿಸಿಲು ಕಂಡ ಮೇಲೆ ಕೀಳಬೇಕು. ಎರಡು, ಬಿಸಿ ಆಲ್ಕೋಹಾಲ್‌ನಲ್ಲಿಟ್ಟರೂ ಪತ್ರಹರಿತ್ತು ಪೂರ್ತಿ ಹೋಗಿರುವುದಿಲ್ಲ, ಹಸಿರಿನಡಿ ನೀಲಿ ಮುಚ್ಚಿಹೋಗುತ್ತದೆ. ದಪ್ಪ, ಮೇಣದಂಥ ಎಲೆಗಳಲ್ಲಿ ಇದು ಹೆಚ್ಚು, ತೆಳುವಾದ ಮೆತ್ತನೆಯ ಎಲೆ ಆರಿಸಿ. ಮೂರು, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದುವ ಮೊದಲ ಹಂತವನ್ನೇ ಬಿಟ್ಟಿರುತ್ತಾರೆ. ಜೀವಕೋಶಗಳ ಪೊರೆ ಒಡೆಯದಿದ್ದರೆ ಅಯೋಡಿನ್ ಒಳಗೆ ಇಳಿಯುವುದಿಲ್ಲ. ನಾಲ್ಕನೆಯದನ್ನು ಯಾರೂ ಗಮನಿಸುವುದಿಲ್ಲ: ಎಲೆ ಇನ್ನೂ ಬಿಸಿಯಾಗಿರುವಾಗ ಅಯೋಡಿನ್ ಹಾಕುತ್ತಾರೆ. ಪಿಷ್ಟ ಮತ್ತು ಅಯೋಡಿನ್ ಸೇರಿದಾಗ ಬರುವ ನೀಲಿ ಬಣ್ಣ ಬಿಸಿಯಲ್ಲಿ ಮಾಯವಾಗುತ್ತದೆ. ಎಲೆಯನ್ನು ತೊಳೆದು, ತಣಿಸಿ, ಬಿಳಿ ತಟ್ಟೆಯ ಮೇಲೆ ಹರಡಿ, ಆಮೇಲೆ ಹನಿ ಹಾಕಿ ಒಂದೆರಡು ನಿಮಿಷ ಕಾಯಬೇಕು.

ಪಿಷ್ಟ ತಯಾರಾಗಲು ಬೆಳಕು ಬೇಕೆಂದು ತೋರಿಸಲು ಎಲೆಗೆ ಕಪ್ಪು ಕಾಗದ ಸುತ್ತುವ ಪ್ರಯೋಗವಾದರೆ, ಮೊದಲೇ ಇರುವ ಪಿಷ್ಟ ಖಾಲಿಯಾಗಲು ಗಿಡವನ್ನು 48 ಗಂಟೆ ಕತ್ತಲಲ್ಲಿ ಇಡಬೇಕು, ಅಂದರೆ ತರಬೇತಿ ಶುರುವಾಗುವ ಎರಡು ದಿನ ಮೊದಲೇ ತಯಾರಿ ಬೇಕು. ಇನ್ನೊಂದು ಮಾತು, ದಯವಿಟ್ಟು ಗಟ್ಟಿಯಾಗಿ ಹೇಳಿ: ಆಲ್ಕೋಹಾಲ್ ಇರುವ ಪ್ರನಾಳವನ್ನು ಯಾವ ಕಾರಣಕ್ಕೂ ಜ್ವಾಲೆಯ ಮೇಲೆ ಹಿಡಿಯಬಾರದು. ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿ ತಟ್ಟನೆ ಹೊತ್ತಿಕೊಳ್ಳುತ್ತದೆ. ನೀರನ್ನು ಕುದಿಸಿ, ಬೆಂಕಿ ಆರಿಸಿ, ಆ ಬಿಸಿನೀರಿನೊಳಗೆ ಪ್ರನಾಳ ಇಡುವುದೊಂದೇ ದಾರಿ.

ಮರುಪ್ರಶ್ನೆ: ಎರಡನೆಯ ದಿನ ಶಿಕ್ಷಕರಿಂದಲೇ ಪಾಠ ಮಾಡಿಸಬೇಕು. 30 ಜನಕ್ಕೆ ಸಮಯ ಹೇಗೆ ಹೊಂದಿಸಲಿ? ಸಹೋದ್ಯೋಗಿಗಳ ಮುಂದೆ ಪಾಠ ಮಾಡಲು ಮುಜುಗರ ಪಡುತ್ತಾರೆ.

ಉತ್ತರ: ಐದೈದು ಜನರ ಆರು ತಂಡ ಮಾಡಿ, ಎಲ್ಲವೂ ಒಟ್ಟಿಗೆ ನಡೆಯಲಿ. ಸೂಕ್ಷ್ಮ ಬೋಧನೆಯ (ಸಣ್ಣ ಗುಂಪಿನ ಮುಂದೆ ಒಂದೇ ಕೌಶಲವನ್ನು ಅಭ್ಯಾಸ ಮಾಡುವ ಕಿರುಪಾಠದ) 36 ನಿಮಿಷದ ಚಕ್ರ ಇಲ್ಲಿ ಚೆನ್ನಾಗಿ ಒದಗುತ್ತದೆ: 6 ನಿಮಿಷ ಪಾಠ, 6 ಹಿಮ್ಮಾಹಿತಿ, 12 ಮರುಯೋಜನೆ, 6 ಮರುಪಾಠ, ಕೊನೆಗೆ 6 ಮರುಹಿಮ್ಮಾಹಿತಿ. ಐದು ಜನಕ್ಕೆ ಸರಿಯಾಗಿ ಮೂರು ಗಂಟೆ. ಸಮಯ ಸಾಲದೆಂದು ಮರುಪಾಠವನ್ನು ಕತ್ತರಿಸುವವರಿದ್ದಾರೆ. ಅದನ್ನು ಕತ್ತರಿಸಿದರೆ ಉಳಿಯುವುದು ಬರೀ ಟೀಕೆ, ಮುಜುಗರ ಹುಟ್ಟುವುದೂ ಅಲ್ಲಿಂದಲೇ.

ಒಂದು ಸುತ್ತಿಗೆ ಒಂದೇ ಕೌಶಲ. ಪ್ರಶ್ನೆ ಕೇಳಿ ಕಾಯುವುದನ್ನು ಆರಿಸಿಕೊಳ್ಳಿ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನ ತರಗತಿಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಅಷ್ಟೇ ಕಾಯಬೇಕು. ಇದು ಇನ್ನೂ ಕಷ್ಟ, ಏಕೆಂದರೆ ‘ಗುಡ್’ ಎಂಬ ಮಾತು ತುದಿನಾಲಿಗೆಯಲ್ಲೇ ಇರುತ್ತದೆ.

ನೋಡುವವರ ಕೈಗೆ ಸ್ಟಾಪ್‌ವಾಚ್ ಮತ್ತು ಒಂದು ಹಾಳೆ ಕೊಡಿ. ಕೇಳಿದ ಪ್ರಶ್ನೆ, ಕಾದ ಸೆಕೆಂಡು, ಉತ್ತರದಲ್ಲಿದ್ದ ಪದಗಳು, ಇಷ್ಟನ್ನೇ ಬರೆಯಲಿ. ‘ಪಾಠ ಚೆನ್ನಾಗಿತ್ತು’ ಎನ್ನುವುದು ಬೇಡ. ‘ಮೂರನೆಯ ಪ್ರಶ್ನೆಗೆ ನೀವೇ ಉತ್ತರ ಹೇಳಿಬಿಟ್ಟಿರಿ’ ಎಂದರೆ ಅದರಿಂದ ಕೆಲಸವಾಗುತ್ತದೆ.

ಮರುಪ್ರಶ್ನೆ: ತರಗತಿಯಲ್ಲಿ 60 ಮಕ್ಕಳಿದ್ದರೆ ಇದೆಲ್ಲ ಆಗುತ್ತದೆಯೇ ಸರ್?

ಉತ್ತರ: ಐವರ ಹನ್ನೆರಡು ಗುಂಪು. ಸಾಮಾನನ್ನು ಹಿಂದಿನ ದಿನವೇ ಹನ್ನೆರಡು ಟ್ರೇಗಳಲ್ಲಿ ಎಣಿಸಿಡಬೇಕು. ಸೂಚನೆ ಪೂರ್ತಿ ಹೇಳಿ, ಊಹೆ ಬರೆಸಿ, ಆಮೇಲೆ ಟ್ರೇ ಹಂಚಬೇಕು. ಟ್ರೇ ಕೈಗೆ ಸಿಕ್ಕ ಮೇಲೆ ಹೇಳಿದ ಮಾತು ಯಾವ ಮಗುವಿನ ಕಿವಿಗೂ ಬೀಳುವುದಿಲ್ಲ. ಜ್ವಾಲೆ ಇರುವ ಪ್ರಯೋಗವಾದರೆ ಬತ್ತಿ ಹಚ್ಚುವುದು ಶಿಕ್ಷಕರೇ, ಗುಂಪಿನಿಂದ ಗುಂಪಿಗೆ ಹೋಗಿ. ಹನ್ನೆರಡೂ ಗುಂಪಿಗೆ ಸಾಮಾನು ಸಾಲದಿದ್ದರೆ ಅರ್ಧ ತರಗತಿ ಪ್ರಯೋಗ ಮಾಡಲಿ, ಉಳಿದರ್ಧ ಹಿಂದಿನ ಪ್ರಯೋಗದ ಅಂಕಿಗಳಿಂದ ನಕ್ಷೆ ಎಳೆಯಲಿ, ಮಾರನೆಯ ಪಿರಿಯಡ್‌ನಲ್ಲಿ ಅದಲುಬದಲು.

ಎರಡು ದಿನ ಮುಗಿದ ಮೇಲೆ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳಬೇಡಿ. ಆರು ವಾರಗಳ ನಂತರ ಅರ್ಧ ದಿನ ಮತ್ತೆ ಸೇರಿಸಿ. ಬರುವಾಗ ಪ್ರತಿಯೊಬ್ಬರೂ ತಮ್ಮ ತರಗತಿಯ ಐದು ಮಕ್ಕಳು ಪ್ರಯೋಗಕ್ಕೆ ಮೊದಲು ಬರೆದ ಊಹೆ ಮತ್ತು ಆಮೇಲೆ ಬರೆದ ವಿವರಣೆ, ಎರಡನ್ನೂ ತರಲಿ. ಚರ್ಚೆ ಆ ಹಾಳೆಗಳ ಮೇಲೆಯೇ ನಡೆಯಲಿ.