ಹಳೇ ಹಾಕಿ ಬ್ಯಾಚ್ ಗ್ರೂಪ್: ಒಂದು ವಿಡಿಯೋ, ಒಂದು ಜಗಳ

ಮಂಜು: [ವಿಡಿಯೋ] ಇವತ್ತು ಬೆಳಗ್ಗೆ, ಅಕ್ಕಿತಿಮ್ಮನಹಳ್ಳಿ ಟರ್ಫ್. ನಮ್ಮ ಅಂಡರ್-12 ಮಕ್ಕಳು. ಒಂದೊಂದು ಟೀಮಿಗೆ ನಾಲ್ಕು ಜನ, ಎರಡೂ ತುದೀಲಿ ಎರಡೆರಡು ಪುಟ್ಟ ಗೋಲು.

ಸೀನ: ಇದು ಕೋಚಿಂಗಾ, ಬರ್ತ್‌ಡೇ ಪಾರ್ಟಿನಾ? ಅರ್ಧ ಜನಕ್ಕೆ ಬಾಲ್ ನಿಲ್ಲಿಸಕ್ಕೇ ಬರಲ್ಲ. ಮೊದಲು ಬಾಲ್ ನಿಲ್ಲಿಸೋ ಟ್ರ್ಯಾಪಿಂಗ್, ಸ್ಟಿಕ್‌ನಲ್ಲಿ ತಳ್ಳೋ ಪುಷ್ ಕಲಿಸೋ. ಆಟ ಆಮೇಲೆ.

ಮಂಜು: ನಲವತ್ತನೇ ಸೆಕೆಂಡ್ ನೋಡು. ಎಲ್ರೂ ಬಾಲ್‌ಗೆ ಮುತ್ಕೊಂಡಿದಾರೆ, ಹಳದಿ ಬಿಬ್ ಹುಡುಗಿ ಒಬ್ಳೇ ಆಚೆ ಸೈಡ್‌ಲೈನ್‌ಗೆ ಹೋಗಿ ಸ್ಟಿಕ್ ನೆಲಕ್ಕಿಟ್ಟು ನಿಂತಳು. ನಾನು ಬಾಯಿ ಬಿಟ್ಟಿಲ್ಲ. ಒಂದು ಗೋಲ್ ಮುಂದೆ ಗುಂಪು ಸೇರಿದ್ರೆ ಇನ್ನೊಂದು ಖಾಲಿ, ಅಷ್ಟು ಅವಳಿಗೇ ಹೊಳೀತು.

ಸೀನ: ಬಾಲ್ ಬಂತಾ ಅವಳಿಗೆ? ಕೊನೇವರೆಗೂ ನೋಡಿದೆ, ಒಂದ್ಸಲಾನೂ ಇಲ್ಲ.

ರೇಖಾ: ಅದು ನಿಜ ಕಣೋ ಮಂಜು. ಜಾಗ ಹುಡುಕಿದವಳಿಗೆ ಏನೂ ಸಿಗದಿದ್ರೆ ಮುಂದಿನ ವಾರ ಅವಳೂ ಗುಂಪಿಗೇ ನುಗ್ತಾಳೆ.

ಮಂಜು: ಅದಕ್ಕೇ ಹೊಸ ರೂಲ್. ಒಂದು ಸೈಡಿಂದ ಇನ್ನೊಂದಕ್ಕೆ ತಿರುಗಿಸಿ ಗೋಲ್ ಹೊಡೆದ್ರೆ ಎರಡು ಪಾಯಿಂಟ್. ಅಂಕಣದ ಅಗಲಾನೂ ಹೆಚ್ಚು ಮಾಡ್ತೀನಿ.

ಸೀನ: ಮ್ಯಾಚಲ್ಲಿ ಯಾರಪ್ಪ ಕೊಡ್ತಾರೆ ಎರಡು ಪಾಯಿಂಟ್?

ಮಂಜು: ರೂಢಿ ಆದ್ಮೇಲೆ ತೆಗೀತೀನಿ ಗುರೂ.

ಪೂಣಚ್ಚಣ್ಣ: ನಮ್ಮ ಕಾಲದಲ್ಲಿ ಆಫ್‌ಸೈಡ್ ಇತ್ತು, ಅಂದ್ರೆ ಫಾರ್ವರ್ಡ್ ಡಿಫೆಂಡರ್ಸ್‌ನ ದಾಟಿ ಗೋಲ್ ಹತ್ರ ಮೊದಲೇ ಹೋಗಿ ಬಾಲ್‌ಗೆ ಕಾಯಂಗಿರಲಿಲ್ಲ. ಡಿಫೆಂಡರ್ಸ್ ಮುಂದೆ ಬಂದ್ರೆ ಮಧ್ಯದಲ್ಲಿ ಕಿಷ್ಕಿಂಧೆ. 1998ರಲ್ಲಿ ಅದು ಹೋಯ್ತು, ಈಗ 91.4 ಮೀಟರ್ ಉದ್ದಕ್ಕೂ ಫಾರ್ವರ್ಡ್ ಎಲ್ಲಿ ಬೇಕಾದ್ರೂ ನಿಲ್ಲಬಹುದು. ನಾವು ಕಲಿತಿದ್ದನ್ನೇ ಹಂಗೇ ಕಲಿಸಿದ್ರೆ ಹೆಂಗೆ ಸೀನ?

ಸೀನ: ಆಫ್‌ಸೈಡ್ ಹೋಯ್ತು ಅಣ್ಣಾ, ಬಾಲ್ ಸ್ಟಿಕ್‌ಗೆ ಬಡಿದು ಎಗರೋದು ಹೋಗಿದ್ಯಾ? ನಿಲ್ಲಿಸಕ್ಕೆ ಬರದವನು ಖಾಲಿ ಜಾಗ ಇಟ್ಕೊಂಡು ಏನ್ ಮಾಡ್ತಾನೆ?

ಮಂಜು: ಗೋಡೆಗೆ ಹೊಡ್ಕೊಂಡು ನಾವೂ ಕಲಿತ್ವಿ. ಗೋಡೆ ಬಂದು ಬಾಲ್ ಕಿತ್ಕೊಳ್ಳಲ್ವಲ್ಲ! ಕಷ್ಟಪಡೋ ಮಕ್ಕಳಿಗೆ ನಾಲ್ವರ ಎದುರು ಇಬ್ಬರೇ ಡಿಫೆಂಡರ್ ಹಾಕ್ತೀನಿ. ಟ್ರ್ಯಾಪ್ ಮಾಡಿ ತಲೆ ಎತ್ತಿ ನೋಡೋಷ್ಟು ಟೈಮ್ ಸಿಗುತ್ತೆ. ಆಮೇಲೆ ಮೂರು, ಆಮೇಲೆ ಸಮ.

ರೇಖಾ: ಬಾಯಿ ಬಿಟ್ಟಿಲ್ಲ ಅಂದೆ, ‘ಸ್ಪ್ರೆಡ್ ಆಗ್ರೋ’ ಅಂತ ಕೂಗಿದ್ದು ಯಾರು? 😄

ಮಂಜು: ಯಾರದೋ ಅಪ್ಪ, ಗ್ರಿಲ್ ಆಚೆಯಿಂದ. ಅವರು ಕೂಗಿದ್ದೇ ತಡ, ಮಕ್ಕಳು ಆಟ ಬಿಟ್ಟು ಅವರನ್ನೇ ನೋಡ್ತಾ ನಿಂತ್ವು.

ಸೀನ: ಮೊದಲ ಹದಿನೈದು ನಿಮಿಷ ನನಗೆ ಕೊಡು. ಬರೀ ಟ್ರ್ಯಾಪಿಂಗ್.

ಮಂಜು: ಹತ್ತು. ಅದೂ ಜೋಡಿ ಜೋಡಿಯಾಗಿ, ಓಡ್ತಾ. ಕ್ಯೂ ನಿಲ್ಲಿಸಂಗಿಲ್ಲ.

ಸೀನ: ಹನ್ನೆರಡು.

ಗೋಲಿ ಬಾಬು: ಕೀಪರೇ ಇಲ್ಲದ ಆಟ ಆಡಿಸಿ ನಿಮಿಷಕ್ಕೆ ಚೌಕಾಸಿ ಮಾಡ್ತಿದ್ದೀರಲ್ಲ, ಪ್ಯಾಡ್ ಕಟ್ಕೊಂಡು ಬಂದ ಆ ಪಾಪದ ಮಗು ಎಲ್ಲಿ ನಿಲ್ಲಬೇಕು?